ಬಿದ್ದವನ ಬಳಿಗೆ ಓಡಿಹೋದವರು

ಲಾಸ್ ಏಂಜಲಿಸ್ ನಗರದ ವೆನಿಸ್ ಬಡಾವಣೆಯಲ್ಲಿ ಪೆನ್ಮಾರ್ ಎಂಬ ಪುಟ್ಟ ಗಾಲ್ಫ್ ಮೈದಾನವಿದೆ. ಒಂಬತ್ತೇ ಕುಳಿಗಳ ಮೈದಾನ. ಸಿರಿವಂತರ ಕ್ಲಬ್ಬಲ್ಲ, ನಗರಾಡಳಿತಕ್ಕೆ ಸೇರಿದ್ದು. ಸುತ್ತಮುತ್ತಲಿನ ಜನ ಬಿಡುವಾದಾಗ ಬಂದು ಆಡಿ ಹೋಗುವ ಜಾಗ. ಅದರ ಪಕ್ಕದಲ್ಲೇ ಸಾಂತಾ ಮೋನಿಕಾ ವಿಮಾನ ನಿಲ್ದಾಣ. ಅಲ್ಲಿಂದ ಏಳುವ ಸಣ್ಣ ವಿಮಾನಗಳು ಈ ಮೈದಾನದ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ. ಆ ಸದ್ದು ಆಡುವವರ ಕಿವಿಗೆ ಹೊಸದಲ್ಲ. 2015ರ ಮಾರ್ಚ್ 5ರ ಮಧ್ಯಾಹ್ನ ಮಾತ್ರ ಒಂದು ವಿಮಾನದ ಸದ್ದು ನಡುವೆಯೇ ನಿಂತುಹೋಯಿತು.

ಅದು 1942ರಲ್ಲಿ ತಯಾರಾದ ರಯಾನ್ ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಲು ಬಳಸುತ್ತಿದ್ದ ಜಾತಿಯದು. ಎರಡು ಆಸನ, ಐದು ಸಿಲಿಂಡರಿನ ಎಂಜಿನ್, ತಲೆಯ ಮೇಲೆ ಮುಚ್ಚಿಗೆಯಿಲ್ಲ. ಎಂಜಿನ್ ನಿಂತಾಗ ಪೈಲಟ್ ಹಿಂದಿರುಗಿ ಇಳಿಯುವುದಾಗಿ ಕಂಟ್ರೋಲ್ ಟವರಿಗೆ ತಿಳಿಸಿದರು. ಆದರೆ ರನ್‌ವೇ ತಲುಪುವಷ್ಟು ಎತ್ತರ ಉಳಿದಿರಲಿಲ್ಲ. ನೆಲದ ಹತ್ತಿರ ಶಕ್ತಿಯಿಲ್ಲದ ವಿಮಾನವನ್ನು ತಿರುಗಿಸುತ್ತ ಹೋದರೆ ಅದು ವೇಗ ಕಳೆದುಕೊಂಡು ಕಲ್ಲಿನಂತೆ ಬೀಳುತ್ತದೆ. ಹಾರಾಟ ಕಲಿಯುವವರಿಗೆ ಮೊದಮೊದಲೇ ಹೇಳಿಕೊಡುವ ಪಾಠವಿದು. ಸುತ್ತಲೂ ಮನೆಗಳು, ರಸ್ತೆಗಳು. ಹಸಿರಾಗಿ ತೆರೆದು ಬಿದ್ದಿದ್ದುದು ಗಾಲ್ಫ್ ಮೈದಾನ ಒಂದೇ. ವಿಮಾನ ಒಂದು ಎತ್ತರದ ಮರದ ತುದಿಗೆ ತಾಕಿ ಮೈದಾನಕ್ಕೆ ಅಪ್ಪಳಿಸಿತು. ನೆಲದ ಮೇಲಿದ್ದ ಒಬ್ಬರಿಗೂ ಗಾಯವಾಗಲಿಲ್ಲ.

ಆಡುತ್ತಿದ್ದವರು ಕೋಲು ಬಿಸಾಡಿ ಓಡಿದರು. ಅವರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೊಬ್ಬರೂ ಇದ್ದದ್ದು ಪೈಲಟ್‌ನ ಪುಣ್ಯ. ಇಂಧನ ಸೋರುತ್ತಿತ್ತು. ಬೆಂಕಿ ಹತ್ತಿದರೆ ಒಳಗಿದ್ದವನ ಜೊತೆಗೆ ಹೊರಗೆ ನಿಂತವರೂ ಬೇಯಬೇಕಾಗಿತ್ತು. ಇತ್ತ, ಬೆನ್ನುಮೂಳೆಗೆ ಪೆಟ್ಟಾಗಿದ್ದವನನ್ನು ಒರಟಾಗಿ ಎಳೆದರೆ ಜೀವನವಿಡೀ ಹಾಸಿಗೆ ಹಿಡಿದಾನೆಂಬ ಭಯ. ಎರಡು ಅಪಾಯಗಳನ್ನೂ ತೂಗಿ ನೋಡಲು ಅಲ್ಲಿ ಸಮಯವೆಲ್ಲಿತ್ತು? ಇದ್ದವರೇ ಸೇರಿ ಆ ಮನುಷ್ಯನನ್ನು ಜಾಗರೂಕತೆಯಿಂದ ಹೊರಕ್ಕೆ ತಂದು ಮಲಗಿಸಿದರು. ಹಾಗೆ ಹೊರತಂದ ಎಪ್ಪತ್ತೆರಡು ವರ್ಷದ ಗಾಯಾಳು ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್.

ನಟನಾದ್ದರಿಂದ ಜನ ಮುತ್ತಿಕೊಂಡರು ಎಂದು ಯಾರಾದರೂ ಹೇಳಬಹುದು. ಹಾಗೇನಿಲ್ಲ. 2023ರ ಜೂನ್ 1ರಂದು ನಮ್ಮ ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಹೊಲಕ್ಕೆ ಬಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ರೂಪುಗೊಂಡು 1964ರಲ್ಲಿ ಮೊದಲು ಹಾರಿದ, ಈಗ ಮುಪ್ಪಾದ ವಿನ್ಯಾಸ ಅದು. ಒಳಗಿದ್ದ ಇಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಅವರ ಹತ್ತಿರಕ್ಕೆ ಮೊದಲು ಓಡಿ ಬಂದವರು ಅಕ್ಕಪಕ್ಕದ ಹಳ್ಳಿಯವರು. ಆಕಾಶದಿಂದ ಇಳಿದವರ ಹೆಸರು, ಊರು, ಜಾತಿ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ಬಿದ್ದರೆ ಕಾಲು ತಾನಾಗಿ ಓಡುತ್ತದೆ. ಮನುಷ್ಯರಲ್ಲಿ ಇನ್ನೂ ಉಳಿದಿರುವ ಒಳ್ಳೆಯ ಗುಣಗಳಲ್ಲಿ ಇದೊಂದು.

ಪೆನ್ಮಾರಿನ ವಿಚಾರದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ವಿಮಾನ ನಿಲ್ದಾಣವೆಂದರೆ ಸುತ್ತಲಿನ ಅನೇಕರಿಗೆ ಮೊದಲಿನಿಂದಲೂ ಆಗದು. ಸದ್ದು, ಹೊಗೆ, ಮನೆಯ ಮೇಲೆ ವಿಮಾನ ಬಿದ್ದೀತೆಂಬ ಭಯ ಎಂದು ವರ್ಷಗಟ್ಟಲೆ ಜಗಳ ನಡೆದಿತ್ತು. ಫೋರ್ಡ್ ಬಿದ್ದ ಮೇಲೆ ಆ ಕೂಗು ಮತ್ತಷ್ಟು ಏರಿತು. ಕೊನೆಗೆ 2017ರಲ್ಲಿ, 2028ರ ಅಂತ್ಯದ ನಂತರ ನಿಲ್ದಾಣವನ್ನು ಮುಚ್ಚಬಹುದೆಂದು ನಗರಕ್ಕೂ ಕೇಂದ್ರ ವಿಮಾನಯಾನ ಆಡಳಿತಕ್ಕೂ ಒಪ್ಪಂದವಾಯಿತು. ಅದೇ ವರ್ಷ ರನ್‌ವೇಯನ್ನೂ ಮೊಟಕುಗೊಳಿಸಲಾಯಿತು. ಅಂದರೆ ವಿಮಾನಗಳು ಬೇಡವೆಂದು ಹೇಳುತ್ತಿದ್ದ ನೆರೆಹೊರೆಯ ನಡುವೆಯೇ ಒಬ್ಬ ಪೈಲಟ್ ಬಿದ್ದ. ನೆರೆಹೊರೆಯ ಕೈಗಳೇ ಅವನನ್ನು ಎತ್ತಿದವು. ಜಗಳ ಹಾರಾಟದ ಮೇಲೆ, ಹಾರಿದವನ ಮೇಲಲ್ಲ. ಈ ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ಮೊದಲ ಗಂಟೆಯ ನೆರವು ಸುಲಭದ್ದು. ಆಂಬುಲೆನ್ಸ್ ಹೊರಟುಹೋಗುತ್ತದೆ, ಸೇರಿದ್ದ ಗುಂಪು ಚದುರುತ್ತದೆ, ಪತ್ರಿಕೆಗಳಲ್ಲಿ ಎರಡು ದಿನ ಚಿತ್ರ ಬರುತ್ತದೆ. ಆಮೇಲೆ? ಮುರಿದ ಮೂಳೆ, ಸುಟ್ಟ ಚರ್ಮ, ರಾತ್ರಿ ಬೆಚ್ಚಿಬೀಳುವ ನಿದ್ದೆ. ಇವುಗಳ ಜೊತೆ ಬದುಕುವ ತಿಂಗಳುಗಳಲ್ಲಿ ಯಾರು ಬರುತ್ತಾರೆ?

ಈ ಪ್ರಶ್ನೆಗೆ ಇಡೀ ಒಂದು ಊರು ಉತ್ತರ ಕೊಟ್ಟ ಉದಾಹರಣೆ ಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಈಸ್ಟ್ ಗ್ರಿನ್‌ಸ್ಟೆಡ್ ಆ ಊರು. ಇಂದು ಪ್ರದರ್ಶನಗಳಲ್ಲಿ ಹಾರಿ ಚಪ್ಪಾಳೆ ಗಿಟ್ಟಿಸುವ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳು ಆಗ ಹೊಸವು. ಅವುಗಳಲ್ಲಿ ಇಂಧನದ ತೊಟ್ಟಿ ಇದ್ದದ್ದು ಪೈಲಟ್‌ನ ಮುಂದುಗಡೆಯೇ. ಗುಂಡು ತಗುಲಿದರೆ ಉರಿ ನೇರ ಮುಖಕ್ಕೂ ಕೈಗಳಿಗೂ ಬಡಿಯುತ್ತಿತ್ತು. ಹೀಗೆ ಬೆಂದು ಬಂದ ಇಪ್ಪತ್ತು ಇಪ್ಪತ್ತೆರಡರ ಹುಡುಗರಿಗೆ ಅಲ್ಲಿಯ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಹೊಸ ಮುಖ ಕಟ್ಟಿಕೊಟ್ಟವರು ನ್ಯೂಜಿಲೆಂಡ್ ಮೂಲದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ.

ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲ ಬಳಿಯುವುದು ಆ ಕಾಲದ ರೂಢಿ. ಅದು ಚರ್ಮವನ್ನು ಗಟ್ಟಿ ಹೆಪ್ಪಾಗಿಸಿ ಬೆರಳುಗಳನ್ನು ಸೆಟೆಸಿಬಿಡುತ್ತಿತ್ತು. ಸಮುದ್ರಕ್ಕೆ ಬಿದ್ದು ಬದುಕಿದ ಪೈಲಟ್‌ಗಳ ಗಾಯ ಚೆನ್ನಾಗಿ ಮಾಯುತ್ತಿರುವುದನ್ನು ಕಂಡ ಮೆಕಿಂಡೋ ಆಮ್ಲವನ್ನು ಬಿಟ್ಟು ಉಪ್ಪುನೀರಿನ ಸ್ನಾನ ಆರಂಭಿಸಿದರು. ಇದು ವೈದ್ಯಕೀಯ. ಅವರು ಮಾಡಿದ ಇನ್ನೊಂದು ಕೆಲಸ ವೈದ್ಯಕೀಯವೋ ಅಲ್ಲವೋ ಹೇಳುವುದು ಕಷ್ಟ. ರೋಗಿಗಳು ಆಸ್ಪತ್ರೆಯ ಉಡುಪು ಬಿಟ್ಟು ತಮ್ಮ ಸಮವಸ್ತ್ರ ತೊಡಲು ಬಿಟ್ಟರು. ವಾರ್ಡಿನಲ್ಲಿ ಬಿಯರಿನ ಪೀಪಾಯಿ ಇಡಿಸಿದರು. ಊರಿಗೆ ಹೋಗಿ ಬನ್ನಿರೆಂದು ಕಳಿಸಿದರು. ಊರಿನವರಿಗೆ, ಈ ಹುಡುಗರನ್ನು ಮನೆಗೆ ಕರೆಯಿರಿ, ಜೊತೆಯಲ್ಲಿ ಕೂತು ಉಣ್ಣಿರಿ, ಮುಖ ತಿರುಗಿಸಬೇಡಿ ಎಂದು ಕೇಳಿಕೊಂಡರು.

ಊರು ಆ ಮಾತನ್ನು ನಡೆಸಿಕೊಟ್ಟಿತು. ಮೂಗಿಲ್ಲದ, ರೆಪ್ಪೆಯಿಲ್ಲದ ಹುಡುಗರು ಅಂಗಡಿಗೆ, ಸಿನಿಮಾಗೆ, ಕುಣಿತದ ಕೂಟಕ್ಕೆ ಬಂದಾಗ ಯಾರೂ ಬೆಚ್ಚಲಿಲ್ಲ, ಯಾರೂ ಎವೆಯಿಕ್ಕದೆ ನೋಡಲಿಲ್ಲ. ‘ದುರುಗುಟ್ಟಿ ನೋಡದ ಊರು’ ಎಂಬ ಹೆಸರೇ ಆ ಊರಿಗೆ ನಿಂತುಹೋಯಿತು. 1941ರ ಜುಲೈನಲ್ಲಿ ರೋಗಿಗಳೇ ಸೇರಿ ಒಂದು ಸಂಘ ಕಟ್ಟಿಕೊಂಡರು. ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಡ್ಡಿಕೊಂಡವರಾದ್ದರಿಂದ ಅದಕ್ಕೆ ಗಿನಿಪಿಗ್ ಕ್ಲಬ್ ಎಂದು ಹೆಸರಿಟ್ಟರು. ಕಾಲು ಸುಟ್ಟವನನ್ನು ಖಜಾಂಚಿಯಾಗಿ ಆರಿಸಿದರು, ಹಣ ಎತ್ತಿಕೊಂಡು ಓಡಲಾರನೆಂದು. ಬೆರಳು ಸುಟ್ಟವನನ್ನು ಕಾರ್ಯದರ್ಶಿ ಮಾಡಿದರು, ಸಭೆಯ ನಡಾವಳಿ ಉದ್ದುದ್ದ ಬರೆಯಲಾರನೆಂದು! ಯುದ್ಧ ಮುಗಿಯುವ ಹೊತ್ತಿಗೆ ಸದಸ್ಯರು 649. ಅವರ ವಾರ್ಷಿಕ ಕೂಟ 2007ರವರೆಗೂ ನಡೆಯಿತು. 2014ರಲ್ಲಿ ಆ ಊರಿನಲ್ಲಿ ಮೆಕಿಂಡೋ ಅವರ ಪ್ರತಿಮೆ ನಿಂತಿತು: ಕುರ್ಚಿಯಲ್ಲಿ ಕೂತ, ಮುಖ ಸುಟ್ಟ ಯುವಕನ ಹೆಗಲ ಮೇಲೆ ಎರಡು ಕೈ ಇಟ್ಟು ಹಿಂದೆ ನಿಂತಿರುವ ವೈದ್ಯ. ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ಅವರ ತಂದೆಯೂ ಮೆಕಿಂಡೋ ಕೈಯಲ್ಲಿ ಚಿಕಿತ್ಸೆ ಪಡೆದವರೇ.

ಹಾಗಾದರೆ ಬಿದ್ದ ಪೈಲಟ್‌ನನ್ನೆಲ್ಲ ಊರು ಎತ್ತಿಕೊಂಡು ಮೆರೆಸಬೇಕೆ? ಇಲ್ಲಿ ಮಾತು ಬಿಗಿಯಾಗುತ್ತದೆ. ಫೋರ್ಡ್ ಬಿದ್ದ ವರ್ಷವೇ, 2015ರ ಆಗಸ್ಟ್ 22ರಂದು, ಅದೇ ಸಸೆಕ್ಸಿನ ಶೋರ್‌ಹ್ಯಾಮ್‌ನಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿತ್ತು. 1950ರ ದಶಕದ ಹಾಕರ್ ಹಂಟರ್ ಜೆಟ್ ವಿಮಾನವೊಂದು ಆಕಾಶದಲ್ಲಿ ಸುತ್ತು ಹೊಡೆದು ಇಳಿಯುವಾಗ ಮೇಲೇಳಲಾರದೆ ಹೆದ್ದಾರಿಗೆ ಬಿತ್ತು. ರಸ್ತೆಯಲ್ಲಿದ್ದ ಹನ್ನೊಂದು ಮಂದಿ ಸತ್ತರು. ಪೈಲಟ್ ತೀವ್ರವಾಗಿ ಗಾಯಗೊಂಡು ಬದುಕಿದ. ಊರಿನ ಜನ ಅಡೂರ್ ನದಿಯ ಹಳೆಯ ಮರದ ಸೇತುವೆಯ ತುಂಬ ಹೂಗಳನ್ನಿಟ್ಟರು. ಆ ಹೂಗಳು ಸತ್ತವರಿಗೆ. ವಿಮಾನ ಸುತ್ತಿನ ತುದಿಯಲ್ಲಿ ಇರಬೇಕಾದಷ್ಟು ಎತ್ತರದಲ್ಲಿರಲಿಲ್ಲವೆಂದು ತನಿಖೆ ಹೇಳಿತು. 2019ರಲ್ಲಿ ನ್ಯಾಯದರ್ಶಿಗಳು ಪೈಲಟ್‌ನನ್ನು ನರಹತ್ಯೆಯ ಆರೋಪಗಳಿಂದ ಬಿಡುಗಡೆ ಮಾಡಿದರು. 2022ರಲ್ಲಿ ಮರಣ ವಿಚಾರಣಾಧಿಕಾರಿ, ಅವು ಕಾನೂನುಬಾಹಿರ ಕೊಲೆಗಳೆಂದೇ ತೀರ್ಮಾನಿಸಿದರು.

ಮಗನನ್ನು ಕಳೆದುಕೊಂಡ ತಾಯಿಯ ಬಳಿ ಹೋಗಿ ಪೈಲಟ್‌ನ ಬಗ್ಗೆ ಕರುಣೆ ತೋರು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಗಾಯಗೊಂಡವನಿಗೆ ಆರೈಕೆ ಸಲ್ಲಬೇಕು. ನೊಂದವರಿಗೆ ಉತ್ತರವೂ ಸಲ್ಲಬೇಕು. ಆರೈಕೆ ಎಂದರೆ ಕ್ಷಮಾಪತ್ರವಲ್ಲ. ಹಾಗೆಯೇ ವಿಚಾರಣೆ ಎಂದರೆ ಕಲ್ಲೇಟಲ್ಲ. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಮಾತು ನಮ್ಮಲ್ಲಿದೆ. ಆ ಕಲ್ಲುಗಳು ಒಬ್ಬನನ್ನು ನೋಯಿಸಿ ಸುಮ್ಮನಾಗುವುದಿಲ್ಲ. ಅದನ್ನು ಕಂಡ ಉಳಿದವರು ತಮ್ಮ ತಮ್ಮ ತಪ್ಪುಗಳನ್ನು ಮುಚ್ಚಿಡಲು ಕಲಿಯುತ್ತಾರೆ. ವಿಮಾನದ ಲೋಕದಲ್ಲಿ ಮುಚ್ಚಿಟ್ಟ ತಪ್ಪು ಮುಂದೆ ಇನ್ನೊಬ್ಬನ ಜೀವ ಕೇಳುತ್ತದೆ.

ಇದನ್ನು ಅರಿತೇ ಅಮೆರಿಕದಲ್ಲಿ 1976ರಿಂದ ಒಂದು ವ್ಯವಸ್ಥೆ ನಡೆದುಬಂದಿದೆ. ಪೈಲಟ್‌ಗಳು ತಮ್ಮಿಂದಾದ ಎಡವಟ್ಟುಗಳನ್ನು ಬಾಹ್ಯಾಕಾಶ ಸಂಸ್ಥೆ ನಾಸಾಗೆ ಬರೆದು ತಿಳಿಸಬಹುದು; ಬರೆದವರ ಹೆಸರು ಗುಟ್ಟಾಗಿ ಉಳಿಯುತ್ತದೆ. ಫೋರ್ಡ್ ಅವರದೇ ಇನ್ನೊಂದು ಪ್ರಸಂಗವನ್ನು ನೋಡಿ. 2017ರ ಫೆಬ್ರುವರಿಯಲ್ಲಿ ಅವರು ಕ್ಯಾಲಿಫೋರ್ನಿಯಾದ ಜಾನ್ ವೇಯ್ನ್ ನಿಲ್ದಾಣದಲ್ಲಿ ರನ್‌ವೇ ಬಿಟ್ಟು ಪಕ್ಕದ ಟ್ಯಾಕ್ಸಿವೇ ಮೇಲೆ ಇಳಿದುಬಿಟ್ಟರು. ಅಲ್ಲಿ ಪ್ರಯಾಣಿಕರಿದ್ದ ದೊಡ್ಡ ವಿಮಾನವೊಂದು ನಿಂತಿತ್ತು. ಅದರ ಮೇಲೆಯೇ ಹಾದು ಇಳಿದಿದ್ದರು. ದೊಡ್ಡ ತಪ್ಪೇ ಸರಿ. ನಿಯಂತ್ರಕರೊಂದಿಗಿನ ಫೋನ್ ಮಾತಿನಲ್ಲಿ ಅವರು ತಪ್ಪನ್ನು ತಾವಾಗಿ ಒಪ್ಪಿಕೊಂಡರು. ವಿಮಾನಯಾನ ಆಡಳಿತ ಲೈಸೆನ್ಸ್ ಕಿತ್ತುಕೊಳ್ಳಲಿಲ್ಲ. ತಿಳಿವಳಿಕೆ ಹೇಳಿ ಪ್ರಕರಣ ಮುಗಿಸಿತು. ನಟನೆಂದು ರಿಯಾಯಿತಿ ತೋರಿದರು ಎಂದು ಆಡಿಕೊಂಡವರೂ ಇದ್ದರು. ಆದರೆ ತಪ್ಪೊಪ್ಪಿ, ಸಹಕರಿಸಿ, ತಿದ್ದಿಕೊಳ್ಳಲು ಸಿದ್ಧನಿರುವ ಪೈಲಟ್‌ಗೆ ದಂಡಕ್ಕಿಂತ ಶಿಕ್ಷಣ ಮೇಲೆಂಬುದು ಆಡಳಿತ 2015ರಲ್ಲೇ ಎಲ್ಲರಿಗೂ ಅನ್ವಯಿಸುವಂತೆ ಒಪ್ಪಿಕೊಂಡಿದ್ದ ನೀತಿ.

ಪೆನ್ಮಾರಿನಲ್ಲಿ ಬಿದ್ದ ಹಳೆಯ ರಯಾನ್ ಏನು ಹೇಳಿತು? ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಆ ವರ್ಷದ ಆಗಸ್ಟ್‌ನಲ್ಲಿ ಮುಗಿಯಿತು. ಕಾರ್ಬ್ಯುರೇಟರಿನ ಒಳಗಿದ್ದ, ಇಂಧನ ಅಳೆದು ಬಿಡುವ ಒಂದು ಚಿಕ್ಕ ಜೆಟ್ ತಿರುಪು ಸಡಿಲವಾಗಿ ತನ್ನ ಸ್ಥಾನದಿಂದ ಕಳಚಿಕೊಂಡಿತ್ತು. ಎಂಜಿನ್ನಿಗೆ ಇಂಧನ ಅತಿಯಾಗಿ ಹರಿದು ಅದು ಉಸಿರುಗಟ್ಟಿತು. ಆ ಕಾರ್ಬ್ಯುರೇಟರನ್ನು ಬಿಚ್ಚಿ ಕಟ್ಟಿ ಸುಮಾರು 17 ವರ್ಷಗಳಾಗಿದ್ದವು. ಆ ಜೆಟ್ ಬಿಗಿಯಾಗಿದೆಯೇ ಎಂದು ಆಗಾಗ ನೋಡಬೇಕೆಂಬ ಸೂಚನೆ ನಿರ್ವಹಣೆಯ ಪುಸ್ತಕದಲ್ಲೇ ಇರಲಿಲ್ಲ. ಇನ್ನೊಂದು ಅಂಶ: ಭುಜದ ಪಟ್ಟಿಯನ್ನು ಆಸನದ ತೆಳು ತಗಡಿಗೆ ಒತ್ತುಕೊಡದೆ ಜೋಡಿಸಲಾಗಿತ್ತು. ಅಪ್ಪಳಿಸಿದ ರಭಸಕ್ಕೆ ಅದು ತಗಡನ್ನು ಹರಿದುಕೊಂಡು ಬಂದಿತು. ಗಾಯ ಹೆಚ್ಚಾದದ್ದು ಅದರಿಂದಲೂ. ಅಂಥ ಹಳೆಯ ವಿಮಾನ ಇಟ್ಟುಕೊಂಡ ಬೇರೆ ಎಷ್ಟೋ ಮಂದಿಗೆ ತಮ್ಮ ಶೆಡ್ಡಿನಲ್ಲಿ ಏನನ್ನು ಪರೀಕ್ಷಿಸಬೇಕೆಂದು ಆಮೇಲೆ ತಿಳಿಯಿತು. ಇದೂ ಒಂದು ಬಗೆಯ ನೆರವೇ. ಒಬ್ಬನ ಮೈಮೇಲಿನ ಗಾಯದಿಂದ ಹತ್ತಾರು ಮಂದಿಗೆ ಸಿಕ್ಕ ನೆರವು.

ಫೋರ್ಡ್ ಅದೇ ವರ್ಷ ಮತ್ತೆ ಹಾರಿದರು. ಅಪಘಾತಕ್ಕೆ ಮೊದಲು, 2004ರಿಂದ 2009ರವರೆಗೆ, ಮಕ್ಕಳನ್ನು ಪುಕ್ಕಟೆಯಾಗಿ ವಿಮಾನದಲ್ಲಿ ಹಾರಿಸುವ ‘ಯಂಗ್ ಈಗಲ್ಸ್’ ಯೋಜನೆಯ ಅಧ್ಯಕ್ಷರಾಗಿದ್ದವರು ಅವರು. ವಯೋಮಿಂಗ್‌ನ ಬೆಟ್ಟಗಳಲ್ಲಿ ದಾರಿತಪ್ಪಿದವರನ್ನು ಹುಡುಕಲು ತಮ್ಮ ಹೆಲಿಕಾಪ್ಟರ್ ಏರಿ ಹೊರಟವರು. ಅಂದು ಅವರು ಬೇರೆಯವರ ಬಳಿಗೆ ಹೋದರು. ಪೆನ್ಮಾರಿನಲ್ಲಿ ಬೇರೆಯವರು ಅವರ ಬಳಿಗೆ ಬಂದರು. ಇದರಲ್ಲಿ ಲೆಕ್ಕ ಚುಕ್ತಾ ಮಾಡಿದ್ದೇನೂ ಇಲ್ಲ. ಆ ಆಟಗಾರರಿಗೆ ಅವರು ಏನನ್ನೂ ಕೊಟ್ಟಿರಲಿಲ್ಲ.

ಎಲ್ಲ ಪೈಲಟ್‌ಗಳಿಗೂ ಇಂಥ ಹೆಸರಿರುವುದಿಲ್ಲ. ಹಳೆಯ ವಿಮಾನವನ್ನು ಕೂಡಿಟ್ಟ ದುಡ್ಡಿನಲ್ಲಿ ರಿಪೇರಿ ಮಾಡಿಸಿ, ರಜೆಯ ದಿನ ಹಾರಿಸಿ, ಒಂದು ದಿನ ಬಿದ್ದವನ ಸುದ್ದಿ ಪತ್ರಿಕೆಯ ಒಳಪುಟದ ನಾಲ್ಕು ಸಾಲು. ಹಾಸಿಗೆಯ ಪಕ್ಕ ಬಂದು ಕೂರುವ ಗೆಳೆಯ, ‘ನಿನ್ನದೇ ತಪ್ಪು’ ಎಂದೂ ‘ನಿನ್ನದೇನೂ ತಪ್ಪಿಲ್ಲ’ ಎಂದೂ ಅವಸರಪಡದೆ ತನಿಖೆಗೆ ಕಾಯುವ ಸಂಗಾತಿಗಳು, ಕುಂಟುತ್ತ ಅಂಗಡಿಗೆ ಬಂದಾಗ ಎಂದಿನಂತೆ ‘ಏನು ಬೇಕಿತ್ತು?’ ಎಂದು ಕೇಳುವ ಅಂಗಡಿಯವನು ಅವನಿಗೆ ಬೇಕು. ಇದಕ್ಕೆ ಹಣ ಬೇಡ, ಸಂಘ ಬೇಡ, ಸಭೆ ಬೇಡ. ಈಸ್ಟ್ ಗ್ರಿನ್‌ಸ್ಟೆಡ್‌ನ ಜನ ಮಾಡಿದ್ದು ಇಷ್ಟೇ. ಓಡಿಹೋಗಿ ಎತ್ತಲು ಧೈರ್ಯ ಸಾಕು. ಎತ್ತಿದ ಮೇಲೆ ಜೊತೆಯಲ್ಲಿ ನಿಧಾನವಾಗಿ ನಡೆಯಲು ತಾಳ್ಮೆಯೂ ಇರಬೇಕು.