ಒಂದು ಅಂಕಕ್ಕೆ ಮುಗಿದುಹೋಗುವ ಪಾದ್ರಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಇತಿಹಾಸವೆಂದರೆ ನಾಲ್ಕು ಆಯ್ಕೆ, ಒಂದು ಸರಿ ಉತ್ತರ. ‘ಹಿಂದೂ ಮ್ಯಾನರ್ಸ್, ಕಸ್ಟಮ್ಸ್ ಅಂಡ್ ಸೆರಿಮನೀಸ್’ ಬರೆದವರು ಯಾರು? ಅಬ್ಬೆ ದುಬಾಯ್. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಫ್ರೆಂಚ್ ಪಾದ್ರಿ ಬಾಳಿದ್ದು ಈಗಿನ ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲೇ ಎಂಬುದು ಶಿವಪುರ, ಮದ್ದೂರು, ಮಳವಳ್ಳಿಯ ಎಷ್ಟು ಗೆಳೆಯರಿಗೆ ಗೊತ್ತು?

1799ರಲ್ಲಿ ಟಿಪ್ಪು ಮಡಿದ ಮೇಲೆ ದುಬಾಯ್ ಶ್ರೀರಂಗಪಟ್ಟಣಕ್ಕೆ ಬಂದರು. ಪಕ್ಕದ ಗಂಜಾಂನಲ್ಲಿ ಅವರ ಹೆಸರಿನಿಂದ ಗುರುತಿಸುವ ಚರ್ಚ್ ಇಂದಿಗೂ ಇದೆ. ಅವರು ಇಲ್ಲಿಯವರಂತೆ ಉಟ್ಟರು, ಇಲ್ಲಿಯ ರೀತಿಗಳಿಗೆ ಹೊಂದಿಕೊಂಡರು. ಸಿಡುಬಿಗೆ ಊರೂರೇ ಹೆದರುತ್ತಿದ್ದ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಲಸಿಕೆ ಹರಡಲು ದುಡಿದರು. ಇದನ್ನು ಮರೆಯಬಾರದು.

ಹಾಗೆಂದು ಅವರ ಪುಸ್ತಕವನ್ನು ಕಣ್ಣುಮುಚ್ಚಿ ನಂಬಲೂಬಾರದು. ಅದರ ಹಸ್ತಪ್ರತಿಯನ್ನು 1807ರಲ್ಲಿ 2,000 ಪಗೋಡ ಕೊಟ್ಟು ಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ. ಆಳುವವರಿಗೆ ಆಳಿಸಿಕೊಳ್ಳುವವರ ನಡೆನುಡಿ ತಿಳಿಯಬೇಕಿತ್ತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಪುಸ್ತಕ ಬಹುಮಟ್ಟಿಗೆ ಹಿಂದಿನ ಶತಮಾನದ ಜೆಸ್ಯೂಟ್ ಪಾದ್ರಿ ಕೇರ್ದೂ ಅವರ ಬರಹವನ್ನು ಆಧರಿಸಿದೆ ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಅಲ್ಲಿಗೆ ನಮ್ಮ ‘ಸರಿ ಉತ್ತರ’ವೂ ಅರ್ಧ ಸತ್ಯವಷ್ಟೇ!

ಇದು ನಮ್ಮೊಬ್ಬರ ಕಥೆಯಲ್ಲ. 1797ರಲ್ಲಿ ‘ಡಫ್’ ಹಡಗಿನಲ್ಲಿ ಪೆಸಿಫಿಕ್ ಸಾಗರದ ತಹೀತಿ ದ್ವೀಪಕ್ಕೆ ಇಳಿದ ಲಂಡನ್ ಮಿಷನರಿಗಳು ಬರೆದದ್ದನ್ನೇ ಓದಿ ಯೂರೋಪು ದ್ವೀಪದ ಜನರನ್ನು ಅಳೆಯಿತು. ಇನ್ನೊಂದೆಡೆ, ಬಾಸೆಲ್ ಮಿಷನ್ನಿನ ಕಿಟ್ಟೆಲ್ 1894ರಲ್ಲಿ ಕೊಟ್ಟ ಕನ್ನಡ ನಿಘಂಟನ್ನು ನಾವು ಇಂದಿಗೂ ತೆರೆಯುತ್ತೇವೆ. ಆದ್ದರಿಂದ ಹೊರಗಿನಿಂದ ಬಂದವರೆಲ್ಲರಿಗೂ ಹಾರ ಹಾಕುವುದು ಬೇಡ, ಎಲ್ಲರನ್ನೂ ಬೈಯುವುದೂ ಬೇಡ.

1938ರ ಧ್ವಜ ಸತ್ಯಾಗ್ರಹದಿಂದ ಹೆಸರಾದ ಊರು ನಮ್ಮದು. ನಮ್ಮ ಬಾವುಟವನ್ನು ನಾವೇ ಹಾರಿಸುತ್ತೇವೆಂದು ಹಿರಿಯರು ಇಲ್ಲಿ ನಿಂತರು. ನಮ್ಮ ಚರಿತ್ರೆಯನ್ನು ನಾವೇ ಪರೀಕ್ಷಿಸಿ ಓದುವುದೂ ಅದೇ ಸಾಲಿಗೆ ಸೇರಿದ ಕೆಲಸ. ಜಿಲ್ಲೆಯ ಕಾಲೇಜುಗಳು ಪ್ರಾಜೆಕ್ಟ್ ಹೆಸರಿನಲ್ಲಿ ಗೈಡ್ ನಕಲು ಮಾಡಿಸುವ ಬದಲು ವಿದ್ಯಾರ್ಥಿಗಳನ್ನು ಗಂಜಾಂಗೆ ಕಳಿಸಲಿ. ಯಾರು ಬರೆದರು, ಯಾರಿಗಾಗಿ ಬರೆದರು, ದುಡ್ಡು ಕೊಟ್ಟವರು ಯಾರು? ಈ ಮೂರು ಪ್ರಶ್ನೆ ಕೇಳಲು ಕಲಿತವರು ಹಳೆಯ ಪುಸ್ತಕಕ್ಕಾಗಲಿ, ಇಂದಿನ ವಾಟ್ಸ್ಆ್ಯಪ್ ಸಂದೇಶಕ್ಕಾಗಲಿ ಸುಲಭವಾಗಿ ಮೋಸ ಹೋಗುವುದಿಲ್ಲ.