ಜಾಣ ಮಕ್ಕಳಿಗೆ ತಕ್ಕ ಲೆಕ್ಕ

ಜಾಣ ಮಗುವಿಗೆ ಎಷ್ಟು ಕಠಿಣ ಪಾಠ ಬೇಕೆಂಬುದು ವಯಸ್ಸಿನಿಂದ ತೀರ್ಮಾನವಾಗುವುದಿಲ್ಲ. ತುಸು ತಲೆ ಕೆಡಿಸಿಕೊಂಡರೆ ಮಾತ್ರ ಬಿಡಿಸಲಾಗುವ ಲೆಕ್ಕವೇ ಅದಕ್ಕೆ ತಕ್ಕದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಪಾಲಕರಿಗೆ ಐದನೆಯ ತರಗತಿಯ ಹೊತ್ತಿಗೆ ಕಾಣುವುದು ಪ್ರವೇಶ ಪರೀಕ್ಷೆಯ ದಾರಿಯೊಂದೇ: ಕೋಥಳಿಯ ನವೋದಯ, ಮೊರಾರ್ಜಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಹೆಣ್ಣುಮಕ್ಕಳಿಗೆ 1969ರಲ್ಲಿ ಆರಂಭವಾದ ಕಿತ್ತೂರು ರಾಣಿ ಚನ್ನಮ್ಮ ಸೈನಿಕ ವಸತಿ ಶಾಲೆ. ನವೋದಯದ ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ. ಅಳೆಯುವುದು ವೇಗವನ್ನು, ಒಂದೇ ಪ್ರಶ್ನೆಗೆ ದಿನಗಟ್ಟಲೆ ಅಂಟಿಕೂರುವ ಹಟವನ್ನಲ್ಲ. ಅಷ್ಟಕ್ಕೂ, ಆಯ್ಕೆಯಾಗದೆ ಊರ ಶಾಲೆಯಲ್ಲೇ ಉಳಿಯುವವರೇ ಹೆಚ್ಚು.

ಅಲ್ಲಿ ಭಿನ್ನರಾಶಿಯ ಹತ್ತು ಲೆಕ್ಕ ಬೇಗ ಮುಗಿಸಿದವಳಿಗೆ ಅಂಥವೇ ಇನ್ನೂ ಇಪ್ಪತ್ತು ಕೊಡುವುದು ಬಹುಮಾನವಲ್ಲ, ದಂಡ. ಬದಲಿಗೆ, ನವಿಲುತೀರ್ಥದ ಮಲಪ್ರಭಾ ಜಲಾಶಯದ 37.73 ಟಿಎಂಸಿ ನೀರು ಎಷ್ಟು ಎಕರೆ ಜೋಳಕ್ಕೆ ಸಾಕೆಂದು ಕೇಳಬಹುದು. ಹೂಳೆಷ್ಟು, ಆವಿಯಾಗುವುದೆಷ್ಟು, ಕುಡಿಯಲು ಬಿಡಬೇಕಾದುದೆಷ್ಟು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಹಣದ ನೆರವೇನೋ ಉಂಟು: ಎಂಟನೆಯ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಬಡ ಮಕ್ಕಳಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ತಕ್ಕ ಪಾಠವನ್ನು ಮಾತ್ರ ಶಾಲೆಯೇ ಒದಗಿಸಬೇಕು.