ಮಧ್ಯಸ್ಥಿಕೆಗೆ ಕೂರಿ, ಆದರೆ ಬಾಯಿ ಮುಚ್ಚಿ ಕೂರಬೇಡಿ

ಪಾಲಿನ ಜಗಳ ನಮ್ಮ ಕಡೆ ಎಲ್ಲಿಂದ ಶುರುವಾಗ್ತದೆ ಹೇಳಿ? ಎಕರೆಗಟ್ಟಲೆ ಗದ್ದೆಯಿಂದ ಅಲ್ಲ. ಹೆಚ್ಚಾಗಿ ಬಾವಿಕಟ್ಟೆಯಿಂದ, ಕಾರು ಹೋಗುವ ದಾರಿಯಿಂದ, ಗಡಿಯಲ್ಲಿರುವ ಒಂದು ಹಲಸಿನ ಮರದಿಂದ. ಆಮೇಲೆ ಅಣ್ಣ-ತಮ್ಮಂದಿರ ಮಾತು ನಿಲ್ಲುತ್ತದೆ. ಮದುವೆ, ಗೃಹಪ್ರವೇಶಕ್ಕೆ ಕಾಗದ ಕೊಡುವುದು ನಿಲ್ಲುತ್ತದೆ. ಕೊನೆಗೆ ಬರುವುದು ವಕೀಲರ ನೋಟಿಸ್. ಬೊಂಬಾಯಿಯಲ್ಲಿರುವ ಅಣ್ಣ, ದುಬೈಯಲ್ಲಿರುವ ತಮ್ಮ, ಕಾರ್ಕಳದ ಮನೆಯಲ್ಲಿ ಒಬ್ಬರೇ ಇರುವ ಅಮ್ಮ, ಎಲ್ಲರೂ ವಾಯಿದೆಯ ತಾರೀಕು ನೋಡುತ್ತಾ ಕೂರಬೇಕು. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹಾಗಾದರೆ ಜಗಳ ಮುಗಿಸುವುದು ಹೇಗೆ? ನಡುವೆ ಒಬ್ಬರನ್ನು ಕೂರಿಸಿಕೊಂಡು ಮಾತಾಡಿ ಮುಗಿಸುವ ಮಧ್ಯಸ್ಥಿಕೆ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಗುತ್ತಿನ ಮನೆಯ ಚಾವಡಿ ಇತ್ತು, ಮೊಗವೀರ ಪಟ್ಣದಲ್ಲಿ ಗುರಿಕಾರರಿದ್ದರು, ಕೋಲದ ದಿನ ದೈವದ ನುಡಿ ಇತ್ತು. ಯಾವುದಕ್ಕೂ ಬಗ್ಗದವರಿಗೆ "ಕಾನತ್ತೂರಿಗೆ ಹೇಳ್ತೇನೆ" ಎಂಬ ಒಂದೇ ಮಾತು ಸಾಕಾಗುತ್ತಿತ್ತು! ಆದರೆ ಆ ಚಾವಡಿಯಲ್ಲಿ ಮಾತಾಡುತ್ತಿದ್ದವರು ಯಾರು? ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಆದರೂ ಹೆಚ್ಚಾಗಿ ಚಾವಡಿಯಲ್ಲಿ ಸೋದರಮಾವನ ಮಾತೇ ಮಾತು. ಹಳೆಯ ಕಟ್ಟಿನಲ್ಲಿ ಒಬ್ಬರು ಬಲವಂತವಾಗಿ ಪಾಲು ಕೇಳುವ ಹಾಗೂ ಇರಲಿಲ್ಲ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲಷ್ಟೇ ಕವರುಗಳಿಗೆ ಆ ಹಕ್ಕು ಸಿಕ್ಕಿತು. ಚಾವಡಿಯ ನ್ಯಾಯ ಒಳ್ಳೆಯದೇ. ಅಲ್ಲಿ ಹೆಂಗಸರು ಬಾಗಿಲ ಹಿಂದೆ ನಿಂತಿರುತ್ತಿದ್ದರಲ್ಲ, ಅದು ಮಾತ್ರ ಸರಿಯಲ್ಲ.

ಇವತ್ತಿನ ಮಧ್ಯಸ್ಥಿಕೆಯಲ್ಲಿ ನಿಮಗೂ ಒಂದು ಕುರ್ಚಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈಯಿಂದ ಜಾರಿಗೆ ಬಂತು. ರಾಜಿಯಾಗುವ ದಾವೆಯನ್ನು ನ್ಯಾಯಾಧೀಶರೇ ಮಧ್ಯಸ್ಥಿಕೆಗೆ ಕಳಿಸಲು ಇದರಿಂದ ದಾರಿಯಾಯಿತು. ಹೈಕೋರ್ಟಿನ ಅಡಿಯಲ್ಲಿ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ಮದುವೆ, ಜೀವನಾಂಶ, ಪಾಲಿನಂಥ ಸಂಬಂಧದ ವ್ಯಾಜ್ಯಗಳಿಗೆ ಇದು ತಕ್ಕ ದಾರಿ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2025ರ ಜುಲೈ 1ರಿಂದ ದೇಶದ ಎಲ್ಲಾ ಕಡೆ ತೊಂಬತ್ತು ದಿನಗಳ ಮಧ್ಯಸ್ಥಿಕೆ ಅಭಿಯಾನವೂ ನಡೆಯಿತು.

ಇಲ್ಲಿ ಮೂರು ಹೆಸರು ಕೇಳಿ ಗೊಂದಲವಾಗಬಹುದು. ಮಧ್ಯಸ್ಥಿಕೆಯಲ್ಲಿ ನಡುವೆ ಕೂತವರು ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಮಾತಾಡಿಸುತ್ತಾರೆ, ಅಷ್ಟೆ. ತೀರ್ಮಾನ ನಿಮ್ಮದೇ. ಆರ್ಬಿಟ್ರೇಷನ್, ಅಂದರೆ ಪಂಚಾಯ್ತಿಕೆಯಲ್ಲಿ ಹಾಗಲ್ಲ. ಇಬ್ಬರೂ ಬರೆದು ಒಪ್ಪಿ ನೇಮಿಸಿದ ಪಂಚರು ಹೇಳಿದ್ದೇ ತೀರ್ಪು, ಅದನ್ನು ಮೀರುವುದು ಸುಲಭವಿಲ್ಲ. ಅಂಗಡಿ, ಹೋಟೆಲು, ಜಾಗದ ಪಾಲಿಗೆ ಇದು ಆದೀತು. ವಿಚ್ಛೇದನ, ಮಕ್ಕಳು ಯಾರ ಹತ್ತಿರ ಇರಬೇಕು ಎಂಬುದನ್ನು ಮಾತ್ರ ಪಂಚರು ತೀರ್ಮಾನಿಸುವ ಹಾಗಿಲ್ಲ, ಅದು ಕೋರ್ಟಿನ ಕೆಲಸ. ಮೂರನೆಯದು ಲೋಕ ಅದಾಲತ್. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ಸು ಸಿಗುತ್ತದೆ.

ಕೋರ್ಟಿಗಿಂತ ಮಧ್ಯಸ್ಥಿಕೆ ಯಾಕೆ ವಾಸಿ? ಕಾಪುವಿನ ಕಡೆಯ ಒಂದು ಕುಟುಂಬದ ಮನೆ ಎಂದಿಟ್ಟುಕೊಳ್ಳಿ. ಮನೆ, ಬಾವಿ, ಹಿತ್ತಿಲು ಸೇರಿ ನಲವತ್ತು ಸೆಂಟ್ಸ್. ಒಂದು ಮೂಲೆಯಲ್ಲಿ ನಾಗಬನ, ಒಳಗೆ ದೈವದ ಕೋಣೆ. ಕೋರ್ಟು ಸೆಂಟ್ಸ್ ಲೆಕ್ಕ ಹಾಕಿ ಪಾಲು ಮಾಡೀತು. ಆದರೆ ನಾಗರ ಪಂಚಮಿಗೆ ತನು ಎರೆಯುವವರು ಯಾರು? ವರ್ಷದ ತಂಬಿಲದ ಖರ್ಚು ಯಾರದ್ದು? ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬಂದರೆ ಉಳಿಯುವುದು ಎಲ್ಲಿ? ಅಮ್ಮನನ್ನು ನೋಡಿಕೊಳ್ಳುವ ಸರದಿ ಹೇಗೆ? ಇದೆಲ್ಲ ಡಿಕ್ರಿಯಲ್ಲಿ ಬರುವುದು ಕಷ್ಟ. ಮಧ್ಯಸ್ಥಿಕೆಯ ಕಾಗದದಲ್ಲಿ ಒಂದೊಂದಾಗಿ ಬರೆಸಬಹುದು.

ಮಣಿಪಾಲದ ಫ್ಲ್ಯಾಟಿನಲ್ಲಿರುವ ಗಂಡ-ಹೆಂಡತಿಯ ಕಥೆಯೂ ಅಷ್ಟೇ. ಕೂಡಿ ಬಾಳುವುದಾದರೆ ಸರಿ, ಬೇರೆಯಾಗುವುದಾದರೂ ಮಗುವಿನ ಶಾಲೆಯ ಫೀಸು, ರಜೆಯ ದಿನಗಳು, ಚಿನ್ನ, ಬ್ಯಾಂಕ್ ಸಾಲ ಎಲ್ಲ ಕೂತು ಮಾತಾಡಬೇಕಾದ್ದೇ. ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ನಿಮ್ಮ ಮೇಲೆ ಸಾಕ್ಷಿಯಾಗಿ ತರುವಂತಿಲ್ಲ. ಮನೆಯ ಮಾತು ಬೀದಿಗೆ ಬರುವ ಭಯವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನಮ್ಮಲ್ಲಿ ಹೊಂದಾಣಿಕೆ ಎಂದರೆ ಹೆಂಗಸರು ಬಿಟ್ಟುಕೊಡುವುದು ಎಂದೇ ಅರ್ಥವಾಗಿಬಿಟ್ಟಿದೆ. "ಅಕ್ಕ, ಒಮ್ಮೆ ಬಂದು ಒಂದು ಸೈನ್ ಹಾಕಿ ಹೋಗು" ಎಂದು ತಮ್ಮ ಫೋನ್ ಮಾಡುತ್ತಾನೆ. ಅಕ್ಕ ಒಂದು ಸೀರೆ, ಒಂದು ಊಟಕ್ಕೆ ಕರಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾಳೆ. ತವರಿನ ಪ್ರೀತಿ ದೊಡ್ಡದೇ, ಬಿಟ್ಟುಕೊಡುವುದೂ ನಿಮ್ಮ ಇಷ್ಟ. ಆದರೆ ಏನು ಬಿಡುತ್ತಿದ್ದೇನೆ ಎಂದು ಗೊತ್ತಿದ್ದು ಬಿಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ, ಅಲ್ವೇ? ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಮೊದಲೇ ರಿಜಿಸ್ಟ್ರಿ ಆದ ಹಳೆಯ ಪಾಲುಪಟ್ಟಿ, ಅಳಿಯಸಂತಾನದ ಆಸ್ತಿಯ ಲೆಕ್ಕ ಬೇರೆ ಇರುತ್ತದೆ. ಅದನ್ನು ತಿಳಿದವರಲ್ಲಿ ಕೇಳಿಕೊಂಡೇ ಹೋಗಿ.

ಕೂರುವ ಮುನ್ನ ನೆನಪಿರಲಿ

* ಆರ್‌ಟಿಸಿ, ಹಳೆಯ ಪಾಲುಪಟ್ಟಿ, ವೀಲುನಾಮೆ, ಚಿನ್ನದ ಪಟ್ಟಿ, ಪಾಸ್‌ಬುಕ್ ಎಲ್ಲದರ ನಕಲು ನಿಮ್ಮ ಕೈಯಲ್ಲಿರಲಿ. ಗಂಡನಿಗೆ ಗೊತ್ತು, ಅಣ್ಣನಿಗೆ ಗೊತ್ತು ಎನ್ನಬೇಡಿ.

* ನಿಮಗೆ ಏನು ಬೇಕು, ಯಾವುದನ್ನು ಬಿಡಬಲ್ಲಿರಿ, ಯಾವುದನ್ನು ಬಿಡಲಾರಿರಿ ಎಂದು ಮೊದಲೇ ಬರೆದುಕೊಳ್ಳಿ.

* ಎಲ್ಲರೆದುರು ಹೇಳಲಾಗದಿದ್ದರೆ ಮಧ್ಯಸ್ಥರ ಜತೆ ಒಬ್ಬರೇ ಮಾತಾಡಬೇಕು ಎಂದು ಕೇಳಿ. ಅದಕ್ಕೆ ಅವಕಾಶವಿದೆ.

* ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು, ಕೋರ್ಟಿನ ಬಾಗಿಲು ಮುಚ್ಚುವುದಿಲ್ಲ. ಅದೇ ದಿನ ಸಹಿ ಹಾಕಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮನೆಗೆ ತಂದು ಓದಿ, ವಕೀಲರಿಗೆ ತೋರಿಸಿ.

* ಊರಿನವರು ಕೂತು ಬರೆದ ರಾಜಿಗೆ ಕೋರ್ಟ್ ಡಿಕ್ರಿಯ ಬಲ ತಾನಾಗಿ ಬರುವುದಿಲ್ಲ. ಮೊದಲೇ ಬಾಯಿಮಾತಿನಲ್ಲಿ ಆದ ಪಾಲನ್ನು ನೆನಪಿಗೆ ಬರೆದಿಡುವ ಕಾಗದ ಬೇರೆ, ಪಾಲು ಕೊಡುವ ಪತ್ರವೇ ಬೇರೆ. ಎರಡನೆಯದಕ್ಕೆ ಸ್ಟ್ಯಾಂಪ್, ರಿಜಿಸ್ಟ್ರಿ ಬೇಕೇ ಬೇಕು.

ಎಲ್ಲ ಜಗಳಕ್ಕೂ ಮಧ್ಯಸ್ಥಿಕೆಯೇ ಮದ್ದಲ್ಲ. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ, ಎದುರು ಕೂತವರನ್ನು ನೋಡಿದರೇ ನಾಲಗೆ ಒಣಗುವವರಿಗೆ "ಹೊಂದಿಕೊಂಡು ಹೋಗಮ್ಮ" ಎನ್ನುವುದು ನ್ಯಾಯವಲ್ಲ. ಅಲ್ಲಿ ಮೊದಲು ಬೇಕಾದ್ದು ರಕ್ಷಣೆ. ಅದಕ್ಕೆಂದೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ರಕ್ಷಣಾಧಿಕಾರಿಗಳಿದ್ದಾರೆ, 181 ಸಹಾಯವಾಣಿ ಇದೆ. ಮಾತುಕತೆ ಏನಿದ್ದರೂ ಆಮೇಲೆ, ಅದೂ ನಿಮಗೆ ಮನಸ್ಸಿದ್ದರೆ.

ಹೋಗುವುದು ಎಲ್ಲಿಗೆ? ಉಡುಪಿ, ಮಣಿಪಾಲ, ಕಾಪುವಿನವರಿಗೆ ಉಡುಪಿಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕಾರ್ಕಳದವರಿಗೆ ಅಲ್ಲಿಯೇ ತಾಲೂಕು ಸಮಿತಿ ಇದೆ. ದಾವೆ ಹೂಡುವ ಮೊದಲೇ ಅರ್ಜಿ ಕೊಟ್ಟು ಎರಡೂ ಕಡೆಯವರನ್ನು ಕರೆಸಿ ಮಾತಾಡಿಸಿ ಎಂದು ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ, ವರಮಾನ ಎಷ್ಟಿದ್ದರೂ ಸರಿಯೇ. ಫೋನ್ ಮಾಡಿ ವಿಚಾರಿಸುವುದಾದರೆ ಸಂಖ್ಯೆ 15100.

ಜಗಳ ಮುಗಿಯಬೇಕು, ಸಂಬಂಧ ಉಳಿಯಬೇಕು, ನಿಜ. ಆ ಉಳಿಸುವ ಕೆಲಸ ನಿಮ್ಮೊಬ್ಬರ ಮೌನದಿಂದ ಆಗಬೇಕಾಗಿಲ್ಲ. ಮುಂದಿನ ಸಲ ಚಾವಡಿಯಲ್ಲಿ ಪಾಲಿನ ಮಾತು ಬಂದಾಗ ಅಡುಗೆಮನೆಯಲ್ಲಿ ಚಾ ಮಾಡುತ್ತಾ ಕಿವಿ ಕೊಡಬೇಡಿ. ಬೇಕಾದರೆ ಚಾ ಬೇರೆ ಯಾರಾದರೂ ಮಾಡಲಿ, ನೀವು ಹೋಗಿ ಕುರ್ಚಿಯಲ್ಲಿ ಕೂರಿ.